ವಾಹನ ಸಲಹೆ: ಕಾಣದಂತೆ ಕಡಿಮೆಯಾಗುವ ಕೂಲೆಂಟ್

ಪ್ರಶ್ನೆ: ನನ್ನ ಬಳಿ 2004ರ ಮಾದರಿಯ, ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್ ಕಾರು ಇದೆ. ಮೊದಲು ಬೆಂಗಳೂರಿನಲ್ಲಿದ್ದಾಗ ಅದಕ್ಕೆ ಎಲ್‌ಪಿಜಿ ಕಿಟ್ ಹಾಕಿಸಿದ್ದೆ. ಈಗ ಶಿವಮೊಗ್ಗದಲ್ಲಿದ್ದು, ತಿಂಗಳಿಗೆ ಒಂದೆರಡು ಬಾರಿ ಆಗುಂಬೆ ಘಾಟಿಯ ಮೂಲಕ ಉಡುಪಿಗೆ ಹೋಗಿ ಬರುತ್ತೇನೆ. ಸುಮಾರು ಆರು ತಿಂಗಳಿಂದ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಕಡಿಮೆಯಾಗುತ್ತಿದ್ದು, ಮೂರು ವಾರಕ್ಕೊಮ್ಮೆ ಅರ್ಧ ಲೀಟರಿನಷ್ಟು ತುಂಬಿಸಬೇಕಾಗಿದೆ. ಕಾರು ನಿಲ್ಲಿಸುವ ಸಿಮೆಂಟ್ ನೆಲದ ಮೇಲೆ ಒಂದು ಹನಿಯ ಗುರುತೂ ಇಲ್ಲ. ಟೆಂಪರೇಚರ್ ಮುಳ್ಳು ಘಾಟಿ ಹತ್ತುವಾಗಲೂ ಅರ್ಧ ದಾಟುವುದಿಲ್ಲ. ಒಬ್ಬ ಮೆಕ್ಯಾನಿಕ್ "ಹಳೇ ಗಾಡಿ ಸಾರ್, ಆವಿಯಾಗಿ ಹೋಗುತ್ತೆ" ಎಂದರು. ಇನ್ನೊಬ್ಬರು "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಲೇಬೇಕು" ಎನ್ನುತ್ತಾರೆ. ಯಾರ ಮಾತನ್ನು ನಂಬಲಿ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಮೊದಲನೆಯವರ ಮಾತಿನಲ್ಲಿ ಎಳ್ಳಷ್ಟು ಸತ್ಯವಿದೆ: ನಿಮ್ಮಂಥ ಹಳೆಯ ಕಾರುಗಳಲ್ಲಿ ರೇಡಿಯೇಟರಿನ ಪಕ್ಕದ ಪ್ಲಾಸ್ಟಿಕ್ ಬಾಟಲಿ ಹೊರಗಿನ ಗಾಳಿಗೆ ತೆರೆದಿರುವುದರಿಂದ, ತಿಂಗಳುಗಟ್ಟಲೆಯ ಅವಧಿಯಲ್ಲಿ ಅದರ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಆದರೆ ಮೂರು ವಾರದಲ್ಲಿ ಅರ್ಧ ಲೀಟರ್ ಆ ದಾರಿಯಲ್ಲಿ ಹೋಗಲು ಸಾಧ್ಯವಿಲ್ಲ. ರೇಡಿಯೇಟರ್, ಎಂಜಿನ್ ಮತ್ತು ಹೀಟರ್ ಸೇರಿದ ವ್ಯವಸ್ಥೆಯು ಒತ್ತಡಕ್ಕೆ ಒಳಪಟ್ಟ ಮುಚ್ಚಿದ ವ್ಯವಸ್ಥೆಯಾಗಿದ್ದು, ಅದರೊಳಗಿನ ದ್ರವ ಕಡಿಮೆಯಾಗಿದೆಯೆಂದರೆ ಎಲ್ಲೋ ಒಂದು ಕಡೆ ಅದು ಹೊರಬೀಳುತ್ತಿದೆ ಅಥವಾ ಎಂಜಿನ್ನಿನೊಳಗೆ ಸುಡುತ್ತಿದೆ. ಎಂಜಿನ್ನಿನ ಕೆಳಗಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂಬ ಎರಡನೆಯವರ ಊಹೆ ನಿಜವಿದ್ದರೂ ಇರಬಹುದು. ಆದರೆ ಅದನ್ನು ಸಾಬೀತುಪಡಿಸದೆ ಹೆಡ್ ಇಳಿಸುವುದು ದುಬಾರಿ ಜೂಜು. ಇನ್ನೊಂದು ಮಾತು, ನೀವು ಪತ್ರದಲ್ಲಿ ಸುಮ್ಮನೆ ಹೇಳಿಹೋಗಿರುವ ಎಲ್‌ಪಿಜಿ ಕಿಟ್ ನನ್ನ ಗಮನ ಸೆಳೆದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಳತೆಯನ್ನು ಸರಿಪಡಿಸಿಕೊಳ್ಳಿ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ, ಕಾರು ಅದೇ ಸಮತಟ್ಟಾದ ಜಾಗದಲ್ಲಿ ನಿಂತಿರುವಾಗ ಮಾತ್ರ ಮಟ್ಟ ನೋಡಿ, ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆದು ದಿನಾಂಕ ಮತ್ತು ಓಡಿದ ಕಿಲೋಮೀಟರ್ ಬರೆದಿಡಿ. ಬಿಸಿಯಿದ್ದಾಗ ಹಿಗ್ಗಿದ ದ್ರವದ ಮಟ್ಟ ನೋಡಿ ಸಮಾಧಾನಪಡುವುದರಿಂದ ಅಥವಾ ಗರಿಷ್ಠ ಗೆರೆಯ ಮೇಲೆ ತುಂಬಿ ಹೆಚ್ಚಾದದ್ದು ಬಾಟಲಿಯ ಕೊಳವೆಯಿಂದ ರಸ್ತೆಗೆ ಸುರಿಯುವಂತೆ ಮಾಡುವುದರಿಂದ ಎಷ್ಟೋ ಸುಳ್ಳು ಸೋರಿಕೆಗಳು ಹುಟ್ಟುತ್ತವೆ. ಬಾಟಲಿಯ ಜೊತೆಗೆ, ಎಂಜಿನ್ ತಣ್ಣಗಿರುವಾಗಲೇ, ರೇಡಿಯೇಟರಿನ ಮುಚ್ಚಳವನ್ನೂ ತೆರೆದು ನೋಡಿ. ಕೂಲೆಂಟ್ ಕುತ್ತಿಗೆಯವರೆಗೆ ತುಂಬಿರಬೇಕು. ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿಯಿದ್ದರೆ ದೋಷ ಬಹುಮಟ್ಟಿಗೆ ಮುಚ್ಚಳದಲ್ಲೇ ಇದೆ ಎನ್ನಬಹುದು.

ಈ ಮುಚ್ಚಳದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಮತ್ತು ಅತಿ ಕಡೆಗಣಿಸಲ್ಪಟ್ಟ ಬಿಡಿಭಾಗ ಅದು. ಅದರಲ್ಲಿ ಎರಡು ವಾಲ್ವ್‌ಗಳಿವೆ. ದೊಡ್ಡ ಸ್ಪ್ರಿಂಗ್ ಇರುವ ವಾಲ್ವ್, ಒತ್ತಡವು ನಿಗದಿತ ಮಿತಿಯನ್ನು (ಮುಚ್ಚಳದ ಮೇಲೆಯೇ ಬರೆದಿರುತ್ತದೆ; ಅನೇಕ ಸಣ್ಣ ಕಾರುಗಳಲ್ಲಿ ಅದು 0.9 ಬಾರ್) ಮುಟ್ಟಿದಾಗ ಮಾತ್ರ ತೆರೆದು ಹೆಚ್ಚುವರಿ ದ್ರವವನ್ನು ಬಾಟಲಿಗೆ ಬಿಡುತ್ತದೆ. ನಡುವಿನ ಪುಟ್ಟ ಬಿಲ್ಲೆಯಂಥ ವಾಲ್ವ್, ಎಂಜಿನ್ ತಣಿಯುವಾಗ ಆ ದ್ರವವನ್ನು ಮತ್ತೆ ರೇಡಿಯೇಟರಿಗೆ ಎಳೆದುಕೊಳ್ಳುತ್ತದೆ. ದೊಡ್ಡ ವಾಲ್ವಿನ ರಬ್ಬರ್ ಬಿರುಕುಬಿಟ್ಟರೆ ಕೂಲೆಂಟ್ ಬೇಗನೆ ಕುದಿದು ಉಕ್ಕುತ್ತದೆ. ಪುಟ್ಟ ವಾಲ್ವ್ ಅಂಟಿಕೊಂಡರೆ ಹೋದದ್ದು ಹಿಂದಿರುಗುವುದಿಲ್ಲ, ತಣಿದ ಬಳಿಕ ಮೇಲಿನ ಹೋಸ್ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿರುತ್ತದೆ. ಉಗುರಿನಿಂದ ಆ ಬಿಲ್ಲೆಯನ್ನು ಮೆಲ್ಲನೆ ಎಳೆದು ಬಿಡಿ: ಅದು ಚಕ್ಕನೆ ಹಿಂದಕ್ಕೆ ಕೂರಬೇಕು. ಅನುಮಾನವಿದ್ದರೆ ಅದೇ ಒತ್ತಡದ ಹೊಸ ಮುಚ್ಚಳ ಹಾಕಿಸಿ ಎರಡು ವಾರ ನೋಡಿ. ಹೆಚ್ಚು ಒತ್ತಡದ್ದನ್ನು ಹಾಕಿದರೆ ಹಳೆಯ ಹೋಸ್‌ಗಳು ತಾಳಲಾರವು.

ಮುಚ್ಚಳ ಸರಿಯಿದ್ದೂ ಮಟ್ಟ ಇಳಿಯುತ್ತಿದ್ದರೆ ಹೊರಗಿನ ಸೋರಿಕೆಯನ್ನು ಹುಡುಕಬೇಕು. ನೆಲದ ಮೇಲೆ ಹನಿ ಬೀಳದಿರುವುದರಿಂದ ಹೊರಗೆ ಸೋರುತ್ತಿಲ್ಲವೆಂದು ನೀವು ತೀರ್ಮಾನಿಸಿದಂತಿದೆ. ಆ ತೀರ್ಮಾನ ಸರಿಯಲ್ಲ. ಓಡುವಾಗ ಮಾತ್ರ, ಒತ್ತಡವಿದ್ದಾಗ ಮಾತ್ರ ಒಸರುವ ದ್ರವವು ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಅಲ್ಲೇ ಆರಿಹೋಗುತ್ತದೆ ಅಥವಾ ಫ್ಯಾನಿನ ಗಾಳಿಗೆ ಚದುರಿಹೋಗುತ್ತದೆ. ಆದರೆ ನೀರು ಹಾರಿದರೂ ಕೂಲೆಂಟಿನ ಬಣ್ಣ ಮತ್ತು ಲವಣ ಉಳಿಯುತ್ತವೆ. ಟಾರ್ಚ್ ಮತ್ತು ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿ ಹಿಡಿದು, ಹಸಿರು, ಗುಲಾಬಿ ಅಥವಾ ಬಿಳಿಯ ಪುಡಿಯಂಥ ಪದರ ಎಲ್ಲೆಲ್ಲಿ ಕಟ್ಟಿದೆಯೆಂದು ನೋಡಿ. ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿಯೂ ಅಲ್ಯೂಮಿನಿಯಂ ಭಾಗವೂ ಕೂಡುವ ಅಂಚು, ಹೋಸ್‌ಗಳು ಕ್ಲಿಪ್ಪಿನಡಿ ಸೇರುವ ಜಾಗ, ಥರ್ಮೋಸ್ಟಾಟ್ (ತಾಪಕ್ಕೆ ತಕ್ಕಂತೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕೂರುವ ಮುಚ್ಚಳದ ಕೆಳಭಾಗ, ಎಂಜಿನ್ ಬ್ಲಾಕಿನ ಪಕ್ಕದಲ್ಲಿ ತೂತು ಮುಚ್ಚಲು ಬಡಿದಿರುವ ತಗಡಿನ ಕೋರ್ ಪ್ಲಗ್‌ಗಳು, ಇವು ಸಾಮಾನ್ಯ ತಾಣಗಳು. ವಾಟರ್ ಪಂಪಿನ ಹೊಟ್ಟೆಯಲ್ಲಿ ಸೋರಿಕೆಯನ್ನು ತೋರಿಸಲೆಂದೇ ಬಿಟ್ಟಿರುವ ಒಂದು ಸಣ್ಣ ತೂತು ಇರುತ್ತದೆ. ಅದರ ಕೆಳಗೆ ಒಣಗಿದ ಗೆರೆ ಕಂಡರೆ ಪಂಪಿನ ಸೀಲ್ ಹೋಗಿದೆ ಎಂದರ್ಥ. ಟೈಮಿಂಗ್ ಬೆಲ್ಟ್ ಕವರಿನ ಹಿಂದೆ ಪಂಪ್ ಇರುವ ಎಂಜಿನ್‌ಗಳಲ್ಲಿ ಈ ಗುರುತು ಮೇಲಿಂದ ಕಾಣುವುದೇ ಇಲ್ಲ, ಕವರ್ ಬಿಚ್ಚಿಯೇ ನೋಡಬೇಕು.

ಕೆಲವು ಸೋರಿಕೆಗಳು ಇದಕ್ಕೆ ತದ್ವಿರುದ್ಧ. ಗಟ್ಟಿಯಾದ ಹಳೆಯ ರಬ್ಬರ್ ರಾತ್ರಿಯ ಚಳಿಗೆ ಕುಗ್ಗಿದಾಗ ಮಾತ್ರ ಕ್ಲಿಪ್ಪಿನ ಬಳಿ ಒಸರಿ, ಎಂಜಿನ್ ಬಿಸಿಯಾದೊಡನೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಗ್ಯಾರೇಜಿನಲ್ಲಿ ಕೈಪಂಪು ಮತ್ತು ಮೀಟರ್ ಇರುವ ಪ್ರೆಶರ್ ಟೆಸ್ಟರನ್ನು ರೇಡಿಯೇಟರಿನ ಬಾಯಿಗೆ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು, ಕಾಲು ಗಂಟೆಯಾದರೂ ಕಾದು ನೋಡಲು ಹೇಳಿ. ಈ ಪರೀಕ್ಷೆಯನ್ನು ತಣ್ಣಗಿರುವಾಗ ಒಮ್ಮೆ, ಎಂಜಿನ್ ಬೆಚ್ಚಗಾದ ಮೇಲೆ ಇನ್ನೊಮ್ಮೆ ಮಾಡಬೇಕು. ಮೀಟರಿನ ಮುಳ್ಳು ಇಳಿಯುತ್ತಿದ್ದರೆ ಸೋರಿಕೆಯಿರುವುದು ಖಚಿತ. ಮುಳ್ಳು ಇಳಿದೂ ಹೊರಗೆಲ್ಲೂ ಒದ್ದೆ ಕಾಣದಿದ್ದರೆ ಉಳಿಯುವ ಜಾಗಗಳು ಮೂರೇ: ಕ್ಯಾಬಿನ್ನಿನ ಹೀಟರ್, ನಿಮ್ಮ ಎಲ್‌ಪಿಜಿ ಕಿಟ್, ಎಂಜಿನ್ನಿನ ಒಳಭಾಗ. ಹೀಟರ್ ಸೋರುತ್ತಿದ್ದರೆ ಕಾರಿನೊಳಗೆ ಸಿಹಿಯಾದ ವಾಸನೆ ಬರುತ್ತದೆ, ಮುಂದಿನ ಗಾಜಿನ ಒಳಮೈಗೆ ಒರೆಸಿದರೂ ಹೋಗದ ಜಿಡ್ಡು ಕೂರುತ್ತದೆ, ಡ್ಯಾಶ್‌ಬೋರ್ಡಿನಡಿಯ ಕಾರ್ಪೆಟ್ ಎತ್ತಿದರೆ ಅಡಿಯ ಸ್ಪಂಜು ಒದ್ದೆಯಾಗಿರುತ್ತದೆ.

ಈಗ ಎಲ್‌ಪಿಜಿ ಕಿಟ್ಟಿನ ವಿಷಯ. ಟ್ಯಾಂಕಿನಲ್ಲಿ ದ್ರವರೂಪದಲ್ಲಿರುವ ಎಲ್‌ಪಿಜಿಯನ್ನು ಅನಿಲವಾಗಿಸುವ ರೆಡ್ಯೂಸರ್ ಎಂಬ ಡಬ್ಬಿ ಬಾನೆಟ್ಟಿನ ಕೆಳಗಿರುತ್ತದೆ. ದ್ರವ ಅನಿಲವಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಿಂದ ಆ ಡಬ್ಬಿ ಹಿಮಗಟ್ಟದಂತೆ ಎಂಜಿನ್ನಿನ ಬಿಸಿ ಕೂಲೆಂಟನ್ನು ಅದರ ಮೂಲಕ ಹಾಯಿಸುತ್ತಾರೆ. ಅಂದರೆ ಕಿಟ್ ಹಾಕಿಸಿದ ದಿನವೇ ನಿಮ್ಮ ಕಾರಿನ ಕೂಲಿಂಗ್ ವ್ಯವಸ್ಥೆಗೆ ಎರಡು ಹೊಸ ಹೋಸ್‌ಗಳು, ಅವುಗಳನ್ನು ಹೀಟರಿನ ಪೈಪಿಗೆ ಸೇರಿಸುವ ಟಿ ಆಕಾರದ ಜೋಡಣೆಗಳು ಮತ್ತು ಅವಕ್ಕೆಲ್ಲ ಹಲವು ಕ್ಲಿಪ್‌ಗಳು ಸೇರಿಕೊಂಡವು. ಕಂಪನಿಯ ಸರ್ವಿಸ್ ಪಟ್ಟಿಯಲ್ಲಿ ಇವು ಇಲ್ಲದ ಕಾರಣ ವರ್ಷಾನುಗಟ್ಟಲೆ ಯಾರೂ ಇವುಗಳ ಮೇಲೆ ಕೈಯಿಡುವುದಿಲ್ಲ. ಮೊದಲು ಇವನ್ನು ನೋಡಿ.

ಹೊರಗೆ ಒಣಗಿದ್ದರೂ ರೆಡ್ಯೂಸರಿನ ಒಳಗೆ ತೊಂದರೆಯಿರಬಹುದು. ಅದರೊಳಗೆ ಕೂಲೆಂಟಿನ ದಾರಿಯನ್ನೂ ಅನಿಲದ ಕೋಣೆಯನ್ನೂ ಬೇರ್ಪಡಿಸುವ ರಬ್ಬರಿನ ಗ್ಯಾಸ್ಕೆಟ್ ಇರುತ್ತದೆ. ಆ ಕಾಲದಲ್ಲಿ ಹೆಚ್ಚಾಗಿ ಹಾಕುತ್ತಿದ್ದ ಮಿಕ್ಸರ್ ಮಾದರಿಯ ಕಿಟ್ಟಿನಲ್ಲಿ ಅನಿಲದ ಕೊನೆಯ ಕೋಣೆಯ ಒತ್ತಡ ಹೊರಗಿನ ಗಾಳಿಯಷ್ಟೇ ಇರುತ್ತದೆ. ಕೂಲೆಂಟಿನ ಒತ್ತಡ ಅದಕ್ಕಿಂತ ಹೆಚ್ಚು. ಗ್ಯಾಸ್ಕೆಟ್ ಗಟ್ಟಿಯಾಗಿ ಸೀಳಿದರೆ ಕೂಲೆಂಟ್ ಅನಿಲದ ಕಡೆಗೆ ನುಸುಳಿ, ಅನಿಲದ ಪೈಪಿನ ಮೂಲಕ ಎಂಜಿನ್ನಿಗೆ ಸೇರಿ ಸುಡುತ್ತದೆ. ಆಗ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ತಡವರಿಸುವುದು, ಸ್ವಲ್ಪ ಬಿಳಿ ಹೊಗೆ ಬರುವುದು ಮುಂತಾದ, ಹೆಡ್ ಗ್ಯಾಸ್ಕೆಟ್ಟಿನದೇ ಲಕ್ಷಣಗಳು ಕಾಣಿಸುತ್ತವೆ. ಇಂಥ ರೆಡ್ಯೂಸರ್‌ಗಳ ತಳದಲ್ಲಿ ಸಾಮಾನ್ಯವಾಗಿ ಒಂದು ಡ್ರೈನ್ ಪ್ಲಗ್ ಇರುತ್ತದೆ. ಟ್ಯಾಂಕಿನ ವಾಲ್ವ್ ಮುಚ್ಚಿಸಿ, ಎಂಜಿನ್ ತಣ್ಣಗಿರುವಾಗ, ಗ್ಯಾಸ್ ಕಿಟ್ಟಿನ ಕೆಲಸ ಬಲ್ಲವರಿಂದಲೇ ಅದನ್ನು ಬಿಚ್ಚಿಸಿ. ಡಾಂಬರಿನಂಥ ಕಪ್ಪು ಎಣ್ಣೆ ಬಂದರೆ ಅದು ಅನಿಲದಿಂದ ಇಳಿದ ಜಿಡ್ಡು, ಗಾಬರಿಬೇಡ. ಬಣ್ಣದ ನೀರು ಬಂದರೆ ನಿಮ್ಮ ಅರ್ಧ ಲೀಟರಿನ ಲೆಕ್ಕ ಸಿಕ್ಕಿತು.

ಪ್ಲಗ್ ಬಿಚ್ಚಲು ಅನುಕೂಲವಿಲ್ಲದಿದ್ದರೆ ಇನ್ನೊಂದು ಉಪಾಯವಿದೆ. ರೆಡ್ಯೂಸರಿಗೆ ಹೋಗುವ ಮತ್ತು ಬರುವ ಎರಡು ಹೋಸ್‌ಗಳನ್ನು ಕಳಚಿ, ಒಂದು ನೇರ ಜೋಡಣೆಯಿಂದ ಪರಸ್ಪರ ಸೇರಿಸಿ, ಕೂಲೆಂಟಿನ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ ತೆಗೆದು, ಮೂರು ವಾರ ಪೆಟ್ರೋಲಿನಲ್ಲೇ ಓಡಿಸಿ. ಆ ಅವಧಿಯಲ್ಲಿ ಗ್ಯಾಸಿಗೆ ಬದಲಾಯಿಸಬಾರದು, ಬಿಸಿನೀರಿಲ್ಲದ ರೆಡ್ಯೂಸರ್ ಹಿಮಗಟ್ಟುತ್ತದೆ. ಮಟ್ಟ ಇಳಿಯದೆ ನಿಂತರೆ ರೆಡ್ಯೂಸರ್ ರಿಪೇರಿ ಕಿಟ್ ಹಾಕಿಸಿದರೆ ಕೆಲಸ ಮುಗಿಯಿತು. ಇಳಿಯುತ್ತಲೇ ಇದ್ದರೆ ಮಾತ್ರ ಎರಡನೆಯ ಮೆಕ್ಯಾನಿಕ್ಕಿನ ಅನುಮಾನಕ್ಕೆ ಬಲ ಬರುತ್ತದೆ.

ಆಗಲೂ ಹೆಡ್ ಇಳಿಸುವ ಮೊದಲು ಮಾಡಬೇಕಾದ ಪರೀಕ್ಷೆಗಳಿವೆ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿಟ್ಟು ನೋಡಿ. ಎರಡು ಕಂದುಬಣ್ಣಕ್ಕಿದ್ದು ಒಂದು ಮಾತ್ರ ತೊಳೆದಂತೆ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ನೀರು ಇಳಿಯುತ್ತಿರುವ ಸಾಧ್ಯತೆಯಿದೆ. ರೇಡಿಯೇಟರಿನ ಬಾಯಿಗೆ ಒಂದು ಗಾಜಿನ ನಳಿಕೆಯಿಟ್ಟು, ಅಲ್ಲಿಂದ ಬರುವ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುವ ಪರೀಕ್ಷೆಯೂ ಇದೆ: ಸುಟ್ಟ ಅನಿಲದ ಇಂಗಾಲದ ಡೈಆಕ್ಸೈಡ್ ಕೂಲೆಂಟಿಗೆ ಸೇರುತ್ತಿದ್ದರೆ ನೀಲಿ ದ್ರಾವಣ ಹಳದಿಯಾಗುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು ಸಹ ಬಲವಾದ ಸೂಚನೆ. ಇವೆಲ್ಲ ಒಂದೇ ಕಡೆಗೆ ಬೆರಳು ತೋರಿಸಿದರೆ ಹೆಡ್ ಇಳಿಸಿ. ಎರಕದ ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಇರುವ ಎಂಜಿನ್ನಾದರೆ, ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುವ ಕಾರಣ ಒಮ್ಮೆ ಅತಿಯಾಗಿ ಕಾದ ಹೆಡ್ ಬಾಗಿರಬಹುದು. ಹೆಡ್ಡಿನ ಸಮತಟ್ಟನ್ನು ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ತಗಡುಗಳಿಂದ) ಅಳೆಯದೆ, ಬಿರುಕಿದೆಯೇ ಎಂದು ಒತ್ತಡದಲ್ಲಿ ಪರೀಕ್ಷಿಸದೆ, ಬರಿಯ ಗ್ಯಾಸ್ಕೆಟ್ ಬದಲಿಸಿ ಕೂರಿಸಲು ಒಪ್ಪಬೇಡಿ. ಅನೇಕ ಸಣ್ಣ ಎಂಜಿನ್‌ಗಳಲ್ಲಿ 0.05 ಮಿಲಿಮೀಟರಿಗಿಂತ ಹೆಚ್ಚಿನ ಬಾಗು ಸಲ್ಲದು.

ಕೊನೆಯದಾಗಿ ನಿಮ್ಮ ಟೆಂಪರೇಚರ್ ಮುಳ್ಳಿನ ವಿಷಯ. ಅದರ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿರುವವರೆಗೆ ಮಾತ್ರ ಅದು ನಂಬಿಕೆಗೆ ಅರ್ಹ. ಮಟ್ಟ ತೀರಾ ಇಳಿದು ಸೆನ್ಸರಿನ ಸುತ್ತ ಗಾಳಿ ತುಂಬಿದರೆ ಎಂಜಿನ್ ಕೆಂಪಗೆ ಕಾಯುತ್ತಿದ್ದರೂ ಮುಳ್ಳು ತಣ್ಣಗೇ ನಿಂತಿರಬಹುದು. ಕಾರಣ ಪತ್ತೆಯಾಗುವವರೆಗೆ ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಮೊದಲು, ಉಡುಪಿಯಲ್ಲಿ ಎಂಜಿನ್ ತಣಿದಿರುವಾಗಲೇ ಮಟ್ಟ ನೋಡಿಕೊಳ್ಳಿ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ.

ಪ್ರಶ್ನೆ: ನಮ್ಮಲ್ಲಿ ಕೊಳವೆಬಾವಿಯ ನೀರೇ ಗತಿ. ಕೂಲೆಂಟ್ ಕಡಿಮೆಯಾದಾಗಲೆಲ್ಲ ಅದನ್ನೇ ಸುರಿಯುತ್ತಿದ್ದೇನೆ. ತಪ್ಪೇ?
— ಓದುಗರೊಬ್ಬರು, ಕೋಲಾರ

ಉತ್ತರ: ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಯಾವ ನೀರಾದರೂ ಸರಿ, ಅಭ್ಯಾಸವಾದರೆ ತಪ್ಪು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಎಂಜಿನ್ನಿನ ಅತಿ ಬಿಸಿಯಾದ ಜಾಗಗಳಲ್ಲೇ ಕಿಟ್ಟವಾಗಿ ಕೂತು, ರೇಡಿಯೇಟರಿನ ಸಪೂರ ನಾಳಗಳನ್ನು ಕಟ್ಟಿಹಾಕುತ್ತವೆ. ಬ್ಯಾಟರಿಗೆ ಹಾಕುವ ಶುದ್ಧ ನೀರು ಬಳಸಿ. ಜೊತೆಗೆ ಪ್ರತಿ ಬಾರಿ ನೀರನ್ನಷ್ಟೇ ಸುರಿದಾಗ ಕೂಲೆಂಟಿನಲ್ಲಿ ತುಕ್ಕು ತಡೆಯುವ ಅಂಶ ತೆಳುವಾಗುತ್ತ ಹೋಗಿ, ಅದರಿಂದಲೇ ಹೊಸ ಸೋರಿಕೆಗಳು ಆರಂಭವಾಗುತ್ತವೆ. ಗಟ್ಟಿ ಕೂಲೆಂಟ್ ಕೊಂಡರೆ ಅರ್ಧಕ್ಕರ್ಧ ನೀರು ಬೆರೆಸಬಹುದು. ಡಬ್ಬಿಯ ಮೇಲೆ ರೆಡಿ ಮಿಕ್ಸ್ ಎಂದಿದ್ದರೆ ನೀರು ಬೆರೆಸಬೇಡಿ. ಬಣ್ಣ ನೋಡಿ ಹೊಂದಿಸಬೇಡಿ, ಏಕೆಂದರೆ ಒಂದೇ ಬಣ್ಣದಲ್ಲಿ ಬೇರೆ ಬೇರೆ ರಾಸಾಯನಿಕ ಬಗೆಗಳು ಬರುತ್ತವೆ. ಹೊಂದದ ಎರಡು ಬಗೆಗಳು ಸೇರಿದರೆ ಕೆಲವೊಮ್ಮೆ ಲೋಳೆಯಾಗಿ ಹೆಪ್ಪುಗಟ್ಟುತ್ತವೆ.

ಪ್ರಶ್ನೆ: ಎಂಜಿನ್ ಆಯಿಲ್ ತುಂಬುವ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪದರ ಕಂಡಿದೆ. ಕೂಲೆಂಟ್ ಆಯಿಲಿಗೆ ಸೇರಿದೆಯೆಂದು ಎಲ್ಲರೂ ಹೆದರಿಸುತ್ತಿದ್ದಾರೆ. ಮಳೆಗಾಲದಲ್ಲಿ ಕಾರು ತೋಟಕ್ಕೆ ಹೋಗಿ ಬರುವ ಎರಡು ಕಿಲೋಮೀಟರ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ.
— ಓದುಗರೊಬ್ಬರು, ಸಕಲೇಶಪುರ

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರವಿದೆ. ಎರಡು ಕಿಲೋಮೀಟರಿನಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ, ಒಳಗಿನ ತೇವ ಮುಚ್ಚಳದ ತಣ್ಣನೆಯ ಮೈಗೆ ತಾಗಿ ನೀರಾಗಿ ಆಯಿಲಿನೊಡನೆ ಬೆರೆಯುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ: ಅಲ್ಲಿ ಆಯಿಲ್ ಸ್ವಚ್ಛವಾಗಿದ್ದು, ಅದರ ಮಟ್ಟ ಏರದೆ, ಕೂಲೆಂಟಿನ ಮಟ್ಟವೂ ಇಳಿಯದೆ ಇದ್ದರೆ ಹೆದರಬೇಕಾಗಿಲ್ಲ. ಮುಚ್ಚಳ ಒರೆಸಿ, ಹಾಸನದವರೆಗೆ ಒಮ್ಮೆ ಓಡಿಸಿ ಮತ್ತೆ ನೋಡಿ. ಡಿಪ್‌ಸ್ಟಿಕ್ಕಿನಲ್ಲೂ ಆಯಿಲ್ ಬೆಳ್ಳಗೆ ಕದಡಿದ್ದರೆ ಮಾತ್ರ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ಕನ್ನು ಕರೆಸಿ. ನೀರು ಸೇರಿದ ಆಯಿಲಿನಲ್ಲಿ ಓಡಿದರೆ ಬೇರಿಂಗ್‌ಗಳು ಉಳಿಯುವುದಿಲ್ಲ.

ಪ್ರಶ್ನೆ: ನನ್ನದು ಬಾಡಿಗೆಗೆ ಓಡಿಸುವ ಹಳೆಯ ಗೂಡ್ಸ್ ಗಾಡಿ. ಪುತ್ತೂರಿನಿಂದ ಮಡಿಕೇರಿಗೆ ಲೋಡು ಹೋಗುತ್ತದೆ. ರೇಡಿಯೇಟರ್ ಸೋರುವುದಕ್ಕೆ ಅರಿಶಿನ ಪುಡಿ ಹಾಕುತ್ತೇನೆ, ಮುಚ್ಚಳವನ್ನು ಸ್ವಲ್ಪ ಸಡಿಲ ಬಿಡುತ್ತೇನೆ. ಸೋರುವುದು ಕಡಿಮೆಯಾಗಿದೆ. ಹೀಗೇ ಮುಂದುವರಿಸಬಹುದೇ?
— ಓದುಗರೊಬ್ಬರು, ಪುತ್ತೂರು

ಉತ್ತರ: ಅರಿಶಿನ ನಮ್ಮ ಲಾರಿ ಚಾಲಕರ ಹಳೆಯ ಮದ್ದು, ಅಂಗಡಿಯಲ್ಲಿ ಸಿಗುವ ಲೀಕ್ ಸ್ಟಾಪ್ ಪುಡಿಗಳ ಕೆಲಸವೂ ಹೆಚ್ಚುಕಡಿಮೆ ಅದೇ. ನೀರಿನಲ್ಲಿ ಉಬ್ಬಿದ ಪುಡಿ ತೂತಿಗೆ ಹೋಗಿ ಕೂರುತ್ತದೆ. ಆದರೆ ಯಾವುದು ಸೋರುವ ತೂತು, ಯಾವುದು ನೀರು ಹರಿಯಬೇಕಾದ ನಾಳ ಎಂಬ ಭೇದ ಅದಕ್ಕೆ ತಿಳಿಯದು. ಗ್ಯಾರೇಜ್ ಸಿಗುವವರೆಗೆ ಗಾಡಿ ತಲುಪಿಸಲು ಒಮ್ಮೆ ಹಾಕಿದರೆ ನಾನು ಆಕ್ಷೇಪಿಸುವುದಿಲ್ಲ. ಅನಂತರ ರೇಡಿಯೇಟರ್ ಬಿಚ್ಚಿಸಿ ರಿಪೇರಿ ಮಾಡಿಸಿ, ಇಡೀ ವ್ಯವಸ್ಥೆಯನ್ನು ತೊಳೆಸಿ.

ಮುಚ್ಚಳ ಸಡಿಲ ಬಿಡುವುದನ್ನು ಮಾತ್ರ ಇಂದೇ ನಿಲ್ಲಿಸಿ. ಬಿಗಿಯಾದ 0.9 ಬಾರಿನ ಮುಚ್ಚಳದಡಿ ಬರಿಯ ನೀರು ಸಹ ಸಮುದ್ರಮಟ್ಟದಲ್ಲಿ ಸುಮಾರು 118 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಸಡಿಲ ಬಿಟ್ಟರೆ 100ಕ್ಕೇ ಕುದಿಯುತ್ತದೆ. ಮಡಿಕೇರಿ 1,100 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ಸುಮಾರು 96 ಡಿಗ್ರಿಗೇ ಕುದಿ ಬರುತ್ತದೆ. ಲೋಡು ಹೊತ್ತು ಸಂಪಾಜೆ ಘಾಟಿ ಏರುವ ಎಂಜಿನ್ನಿಗೆ ಆ ತಾಪ ಮುಟ್ಟುವುದು ಕಷ್ಟವೇನಲ್ಲ. ಸೋರಿಕೆ ಕಡಿಮೆಯಾದಂತೆ ಕಂಡದ್ದು ಒತ್ತಡ ಇಲ್ಲವಾದದ್ದರಿಂದ. ಉಳಿದದ್ದು ಕುದಿದು ಆವಿಯಾಗಿ ಹೋಗುತ್ತಿದೆ.

ಪ್ರಶ್ನೆ: ಬಿಸಿಲ ನಾಡಿಗೆ ಥರ್ಮೋಸ್ಟಾಟ್ ಬೇಡವೆಂದು ಗ್ಯಾರೇಜಿನವರು ಅದನ್ನು ಕಿತ್ತುಹಾಕಿದ್ದಾರೆ. ಸರಿಯೇ?
— ಓದುಗರೊಬ್ಬರು, ರಾಯಚೂರು

ಉತ್ತರ: ಸರಿಯಲ್ಲ, ವಾಪಸು ಹಾಕಿಸಿ. ಸಾಮಾನ್ಯವಾಗಿ 82 ಡಿಗ್ರಿಯ ಆಸುಪಾಸಿನಲ್ಲಿ ತೆರೆದುಕೊಳ್ಳುವ ಈ ವಾಲ್ವ್ ಇಲ್ಲದಿದ್ದರೆ ಹೆದ್ದಾರಿಯಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟಿನ ಕೆಳಗಿನ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ನೇರವಾಗಿ ಎಂಜಿನ್ನಿಗೆ ಮರಳಿ, ನಿಮ್ಮ ಬಿಸಿಲಿನಲ್ಲಿ ಎಂಜಿನ್ ಇನ್ನಷ್ಟು ಕಾಯುತ್ತದೆ. ಹಳೆಯದು ಕೆಟ್ಟಿದೆಯೇ ಎಂದು ನೋಡಲು, ಅಡುಗೆಗೆ ಬಳಸದ ಪಾತ್ರೆಯ ನೀರಿನಲ್ಲಿ ಅದನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿದರೆ ಸಾಕು. ಅದರ ಮೇಲೆ ಬರೆದ ತಾಪದ ಹತ್ತಿರ ಬಾಯಿಬಿಡತೊಡಗಬೇಕು.

ಪ್ರಶ್ನೆ: ಗ್ಯಾರೇಜಿನಲ್ಲಿ ಇಳಿಸಿದ ಹಳೆಯ ಕೂಲೆಂಟನ್ನು ಮನೆಯ ಹಿಂದಿನ ಚರಂಡಿಗೆ ಚೆಲ್ಲಬಹುದೇ?
— ಓದುಗರೊಬ್ಬರು, ಕಾರ್ಕಳ

ಉತ್ತರ: ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕುಗಳು ನೆಕ್ಕುತ್ತವೆ, ಮತ್ತು ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಡುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಸಿ, ಬಳಸಿದ ಎಂಜಿನ್ ಆಯಿಲ್ ಸಂಗ್ರಹಿಸುವ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿ, ಆಯಿಲಿನೊಡನೆ ಬೆರೆಸದೆ ಪ್ರತ್ಯೇಕವಾಗಿ ಕೊಡಿ. ಸಾಕುಪ್ರಾಣಿ ನೆಕ್ಕಿದ್ದು ಕಂಡರೆ ಲಕ್ಷಣಗಳಿಗಾಗಿ ಕಾಯದೆ ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಿರಿ. ಡಬ್ಬಿಯ ಲೇಬಲ್ಲನ್ನೂ ಜೊತೆಗೆ ತೆಗೆದುಕೊಂಡು ಹೋಗಿ.